ಅಜ್ಜಿಯ ಬಾಯಿಂದ ಮೊಮ್ಮಗುವಿನ ಕಿವಿಗೆ

(ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದದಿಂದ ಮಾತು ಶುರು ಮಾಡುತ್ತೇನೆ. ಆ ಪದ ಸ್ಮಾಂಗ್.

ಇಂಡೋನೇಷ್ಯಾದ ಸುಮಾತ್ರಾಕ್ಕೆ ಪಶ್ಚಿಮದಲ್ಲಿ, ಕಡಲ ನಡುವೆ ಸಿಮೆಲೂ ಅನ್ನುವ ದ್ವೀಪ ಇದೆ. ಅಲ್ಲಿಯವರ ಮಾತಿನಲ್ಲಿ ಸ್ಮಾಂಗ್ ಅಂದರೆ ಊರನ್ನೇ ನುಂಗುವ ಅಲೆ. 1907ರಲ್ಲಿ ಅಲ್ಲಿ ನೆಲ ನಡುಗಿತು, ಕಡಲು ಉಕ್ಕಿ ಬಂತು, ತುಂಬಾ ಜನ ಸತ್ತರು. ಬದುಕಿ ಉಳಿದವರು ಅದನ್ನು ಮಕ್ಕಳಿಗೆ ಹೇಳಿದರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಹೇಳಿದರು. ಹೀಗೆ ಮನೆಯಲ್ಲಿ ಹೇಳುವ ಕಥೆಗೆ ಅವರು ನಾಫಿ-ನಾಫಿ ಅನ್ನುತ್ತಾರೆ. ಹಾಡಿ ಹೇಳಿದರೆ ಅದು ನಾಂಡಾಂಗ್. ಕಥೆಯ ತಿರುಳು ಇಷ್ಟೇ: ನೆಲ ಜೋರಾಗಿ ನಡುಗಿತಾ? ಆಮೇಲೆ ಕಡಲು ಹಿಂದೆ ಸರಿಯಿತಾ? ಹಾಗಾದರೆ ಯಾವುದಕ್ಕೂ ಕಾಯಬೇಡ, ಗುಡ್ಡ ಹತ್ತು.

2004ರ ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿತು. ಆಗ ಹಿಂದೂ ಮಹಾಸಾಗರದಲ್ಲಿ ಸುನಾಮಿಯ ಎಚ್ಚರಿಕೆ ಕೊಡುವ ವ್ಯವಸ್ಥೆ ಇರಲಿಲ್ಲ. ಕಂಪನ ಹುಟ್ಟಿದ ಜಾಗಕ್ಕೆ ಸಿಮೆಲೂ ತೀರಾ ಹತ್ತಿರ. ಜನರ ಕೈಯಲ್ಲಿ ಇದ್ದದ್ದು ಕೆಲವೇ ನಿಮಿಷ. ಬೇರೆ ಎಷ್ಟೋ ಕರಾವಳಿಗಳಲ್ಲಿ ಕಡಲು ಹಿಂದೆ ಸರಿದಾಗ ಜನ ಅದನ್ನು ನೋಡಲು, ಮೀನು ಆರಿಸಲು ಕಡಲ ಕಡೆಗೇ ನಡೆದರು. ಸಿಮೆಲೂದಲ್ಲಿ 'ಸ್ಮಾಂಗ್! ಸ್ಮಾಂಗ್!' ಎಂಬ ಕೂಗೆದ್ದಿತು. ಜನ ಗುಡ್ಡಕ್ಕೆ ಓಡಿದರು. ದ್ವೀಪದಲ್ಲಿ ಆಗ ಇದ್ದವರು ಸುಮಾರು 78,000 ಮಂದಿ. ಸತ್ತವರು 7.

ಈ 7 ಅನ್ನುವ ಸಂಖ್ಯೆಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತುಬಿಟ್ಟೆ. ಯೋಚಿಸಿ ನೋಡಿ. 1907ಕ್ಕೂ 2004ಕ್ಕೂ ನಡುವೆ 97 ವರ್ಷ. ಆ ಬೆಳಿಗ್ಗೆ ಓಡಿದವರಲ್ಲಿ ಹಳೆಯ ಅಲೆಯನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರು ಯಾರಿದ್ದಿರಬಹುದು? ಎಲ್ಲರೂ ಕೇಳಿದವರು. ಒಂದು ಪದ ಕೂಗಿದರೆ ಸಾಕಾಯಿತು, ಯಾಕೆಂದರೆ ಇಡೀ ಕಥೆ ಅದರೊಳಗೆ ಮಡಚಿಕೊಂಡು ಕೂತಿತ್ತು. ಕಥೆ ಗೊತ್ತಿಲ್ಲದವರಿಗೆ ಅದು ಬರೀ ಸದ್ದು. ಆ ಅಜ್ಜಿಯರ ಸಾಲಿನಲ್ಲಿ ಒಂದೇ ಒಂದು ತಲೆಮಾರು 'ಈ ಹಳೇ ಕಥೆ ಈಗ ಯಾಕೆ?' ಎಂದು ಸುಮ್ಮನಾಗಿದ್ದರೆ? ಒಂದೇ ತಲೆಮಾರು ಸಾಕಿತ್ತು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ಸಂಸ್ಕೃತಿ ಅಂದ ಕೂಡಲೇ ನಮಗೆ ಗ್ರಂಥ, ಕಟ್ಟಡ, ಕಲೆ, ಉತ್ಸವ ನೆನಪಾಗುತ್ತವೆ. ಅವೆಲ್ಲ ಬೇಕು. ಆದರೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅದು ದಾಟುವ ಜಾಗ ಬೇರೆ. ದೊಡ್ಡವರು ಮಗುವಿನ ಜೊತೆ ದಿನಾ ಆಡುವ ಸಾದಾ ಮಾತು, ಅದೇ ಆ ಜಾಗ. ತಲೆ ಬಾಚುವಾಗ, ಮಲಗಿಸುವಾಗ, ಬೈಯುವಾಗ, ಮುದ್ದು ಮಾಡುವಾಗ ಆಡುವ ಮಾತು. ಅಲ್ಲಿ ದಾಟದೆ ಹೋದದ್ದನ್ನು ಆಮೇಲೆ ದಾಟಿಸುವುದು ಬಹಳ ಕಷ್ಟ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಜೋಶುವಾ ಫಿಶ್‌ಮನ್ ಎಂಬ ವಿದ್ವಾಂಸರು ಬಾಡುತ್ತಿರುವ ಭಾಷೆಗಳನ್ನು ಉಳಿಸಿಕೊಳ್ಳುವ ಬಗ್ಗೆ 1991ರಲ್ಲಿ ಒಂದು ಪುಸ್ತಕ ಬರೆದರು. ಮನೆ, ನೆರೆಹೊರೆಗಳಲ್ಲಿ ಭಾಷೆ ದೊಡ್ಡವರಿಂದ ಮಕ್ಕಳಿಗೆ ದಾಟದಿದ್ದರೆ ಉಳಿದ ಪ್ರಯತ್ನಗಳು ಬಾಳಿಕೆ ಬರುವುದಿಲ್ಲ ಅನ್ನುವುದು ಅವರ ವಾದದ ತಿರುಳು. ಯುನೆಸ್ಕೊ 2003ರಲ್ಲಿ ಒಂದು ಭಾಷೆಯ ಆರೋಗ್ಯ ಅಳೆಯಲು 9 ಅಂಶಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಮೊದಲನೆಯದೇ ಇದು: ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿದೆಯೇ?

ಪದ ದಾಟಿದರೆ ಜೊತೆಗೆ ಏನು ದಾಟುತ್ತದೆ? ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲಿ 'ಫೆನುವಾ' ಅನ್ನುವ ಪದ ಇದೆ. ಅದಕ್ಕೆ ಎರಡು ಅರ್ಥ. ಒಂದು ನೆಲ, ಭೂಮಿ. ಇನ್ನೊಂದು ತಾಯಿಯ ಹೊಟ್ಟೆಯಲ್ಲಿ ಮಗುವನ್ನು ಪೊರೆಯುವ ಮಾಸು. ಮಗು ಹುಟ್ಟಿದ ಮೇಲೆ ಮಾಸನ್ನು ತಮ್ಮ ನೆಲದಲ್ಲೇ ಹೂಳುವುದು ಅವರ ರೂಢಿ. ಫೆನುವಾ ಫೆನುವಾಕ್ಕೆ ಮರಳುತ್ತದೆ. ಹಾಗೆಯೇ 'ಹಪೂ' ಅಂದರೆ ಬಸುರಿ, ಹಪೂ ಅಂದರೆ ಕುಲವೂ ಹೌದು. 'ಇವಿ' ಅಂದರೆ ಮೂಳೆ, ಜನಾಂಗವೂ ಹೌದು. ಈ ಪದಗಳನ್ನು ಆಡುತ್ತಾ ಬೆಳೆದ ಮಗುವಿಗೆ ನೆಲಕ್ಕೂ ನಿನಗೂ ನಂಟಿದೆ ಎಂದು ಯಾರೂ ಪಾಠ ಮಾಡಬೇಕಿಲ್ಲ. ನೆಲ ಅನ್ನುವಾಗಲೆಲ್ಲ ಅದು ಆ ನಂಟನ್ನು ಹೇಳಿಯೇ ಇರುತ್ತದೆ. ಇದೇ ಮಾತನ್ನು ಇನ್ನೊಂದು ಭಾಷೆಗೆ ತಂದರೆ ವಿವರಣೆ ಸಿಗುತ್ತದೆ, ನಂಟು ಹಿಂದೆ ಉಳಿಯುತ್ತದೆ. ಈಗ ನಾನು ನಿಮಗೆ ಮಾಡುತ್ತಿರುವುದೂ ವಿವರಣೆಯೇ. ಮಾವೊರಿ ಮಗುವಿಗೆ ಇಷ್ಟೆಲ್ಲ ಹೇಳಬೇಕಾಗಿಲ್ಲ.

ನಾವಾಡುವ ಕನ್ನಡವನ್ನೇ ನೋಡಿ. ನನ್ನ ತಾಯಿಯ ಇನ್ನೊಬ್ಬ ಮಗ ಎಂದು ಹೇಳಬೇಕಾದರೆ ಅಣ್ಣ ಅನ್ನಬೇಕು, ಇಲ್ಲಾ ತಮ್ಮ ಅನ್ನಬೇಕು. ದಿನದ ಮಾತಿನಲ್ಲಿ ಎರಡರ ನಡುವೆ ಜಾರಿಕೊಳ್ಳುವ ದಾರಿಯಿಲ್ಲ. ಯಾರು ದೊಡ್ಡವರು, ಯಾರು ಚಿಕ್ಕವರು ಅನ್ನುವುದನ್ನು ಗಮನಿಸಿಯೇ ಬಾಯಿ ತೆರೆಯಬೇಕು. ಎರಡು ವರ್ಷದ ಮಗು ಕೂಡ ಅದನ್ನು ಗಮನಿಸುತ್ತದೆ. ಇಂಗ್ಲಿಷಿನ ಬ್ರದರ್ ಇದನ್ನು ಕೇಳುವುದೇ ಇಲ್ಲ. ತಮಿಳಿನಲ್ಲಿ, ತೆಲುಗಿನಲ್ಲಿ 'ನಾವು' ಅನ್ನಲು ಎರಡು ಪದ. ಕೇಳುತ್ತಿರುವ ನಿಮ್ಮನ್ನೂ ಸೇರಿಸಿಕೊಂಡ ನಾವು ಒಂದು, ನಿಮ್ಮನ್ನು ಬಿಟ್ಟ ನಾವು ಇನ್ನೊಂದು. ಇಂದಿನ ಕನ್ನಡದಲ್ಲಿ ಒಂದೇ. ಯಾವುದು ಮೇಲು ಯಾವುದು ಕೀಳು ಎಂದು ನಾನು ಹೇಳುತ್ತಿಲ್ಲ. ಒಂದೊಂದು ಭಾಷೆ ಮಗುವಿನ ಗಮನವನ್ನು ಒಂದೊಂದು ಕಡೆಗೆ ತಿರುಗಿಸುತ್ತದೆ, ಅಷ್ಟೇ. ಆ ಗಮನ ಅಭ್ಯಾಸವಾಗುತ್ತದೆ. ಅಭ್ಯಾಸವನ್ನು ನಾವು ಆಮೇಲೆ ಸಂಸ್ಕೃತಿ ಎಂದು ಕರೆಯುತ್ತೇವೆ.

ದಾಟಿಸುವುದರಲ್ಲೂ ಬಗೆಗಳಿವೆ. ವೇದದ ಮೌಖಿಕ ಪರಂಪರೆ ಒಂದು ಬಗೆ. ಅಲ್ಲಿ ಒಂದು ಸ್ವರವೂ ತಪ್ಪಬಾರದು. ಅದಕ್ಕಾಗಿ ಪದಗಳನ್ನು ಹೆಣೆದು ಹೇಳುವ ಪಾಠಗಳನ್ನು ಕಂಡುಕೊಂಡರು. ಘನಪಾಠದಲ್ಲಿ ಪದಗಳ ಸಾಲು ಹೀಗೆ: ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಹೀಗೆ ಹಿಂದೆ ಮುಂದೆ ಹೆಣೆದುಬಿಟ್ಟರೆ ಒಂದು ಪದ ಜಾರಿದರೂ ಕೂಡಲೇ ಗೊತ್ತಾಗುತ್ತದೆ. ಎಂಥ ಬುದ್ಧಿ ಅಲ್ವಾ!

ಇನ್ನೊಂದು ಬಗೆ ಇದಕ್ಕೆ ತೀರಾ ಬೇರೆ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸರು ಆಗಿನ ಯುಗೊಸ್ಲಾವಿಯಾದಲ್ಲಿ ವೀರಗಾಥೆ ಹಾಡುವವರನ್ನು ಹುಡುಕಿಕೊಂಡು ಹೋಗಿ ಧ್ವನಿಮುದ್ರಿಸಿದರು. ಅವ್ದೊ ಮೆಜೆದೊವಿಚ್ ಎಂಬ ಗಾಯಕರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ 12,000ಕ್ಕೂ ಹೆಚ್ಚು ಸಾಲುಗಳ ಒಂದು ಹಾಡನ್ನು ಹಾಡಿದರು. ಇಂಥ ಗಾಯಕರು 'ಅಕ್ಷರ ತಪ್ಪದೆ ಹಾಡುತ್ತೇನೆ' ಅನ್ನುತ್ತಿದ್ದರು. ಮುದ್ರಿಸಿದ್ದನ್ನು ಹೋಲಿಸಿದರೆ ಪ್ರತಿ ಸಲ ಸಾಲುಗಳು ಬೇರೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಕಥೆ ಅದೇ ಆಗಿತ್ತು.

ಮನೆಯ ಮಾತು ಈ ಎರಡನೆಯ ಬಗೆಗೆ ಹತ್ತಿರ. ಅಜ್ಜಿ ಹೇಳಿದ ಕಥೆಯನ್ನು ಅಮ್ಮ ಹಾಗೇ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ನಮ್ಮಲ್ಲಿ ಕೆಲವರು ಮಕ್ಕಳ ಮಾತು ಒಂದಿಷ್ಟು ಬದಲಾದ ಕೂಡಲೇ ಗಾಬರಿಯಾಗುತ್ತಾರೆ. ಮೊಮ್ಮಗು ಒಂದು ಪದ ತಪ್ಪಾಗಿ ಹೇಳಿದರೆ ಎಲ್ಲರೂ ಸೇರಿ ನಗುತ್ತಾರೆ. ಪಾಪ, ಆ ಮಗು ಮತ್ತೆ ಆ ಭಾಷೆಯಲ್ಲಿ ಬಾಯಿ ಬಿಡುವುದಿಲ್ಲ. ನಿಕರಾಗುವಾದಲ್ಲಿ 1970ರ ದಶಕದ ಕೊನೆಯಲ್ಲಿ ಕಿವಿ ಕೇಳಿಸದ ಮಕ್ಕಳಿಗಾಗಿ ಒಂದು ಶಾಲೆ ಶುರುವಾಯಿತು. ಅಲ್ಲಿ ಕಲಿಸುತ್ತಿದ್ದದ್ದು ಸ್ಪ್ಯಾನಿಷ್ ಮಾತನಾಡುವವರ ತುಟಿ ಓದುವುದನ್ನು. ಅದು ಮಕ್ಕಳಿಗೆ ಹತ್ತಲಿಲ್ಲ. ಆದರೆ ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ಅವರು ಕೈಸನ್ನೆಗಳನ್ನು ಕೂಡಿಸುತ್ತಾ ಹೋದರು. ಆಮೇಲೆ ಬಂದ ಪುಟ್ಟ ಮಕ್ಕಳು ಅದನ್ನು ದೊಡ್ಡವರಿಂದ ಪಡೆದು, ಇನ್ನಷ್ಟು ಬಿಗಿಯಾದ ವ್ಯಾಕರಣ ಇರುವ ಪೂರ್ತಿ ಭಾಷೆಯಾಗಿ ಬೆಳೆಸಿದರು. ಮಕ್ಕಳು ಬರೀ ತುಂಬಿಸಿಕೊಳ್ಳುವ ಬಿಂದಿಗೆ ಅಲ್ಲ. ಕೊಟ್ಟದ್ದನ್ನು ಬದಲಾಯಿಸಿಯೇ ತೆಗೆದುಕೊಳ್ಳುತ್ತಾರೆ. ಬದಲಾಯಿಸಲು ಬಿಡದಿದ್ದರೆ ತೆಗೆದುಕೊಳ್ಳುವುದೇ ಇಲ್ಲ.

ಈಗ ಸರಪಳಿ ಕಡಿಯುವ ಬಗ್ಗೆ. ಬ್ರಿಟನ್ನಿನ ವೇಲ್ಸ್‌ನ ಹಲವು ಶಾಲೆಗಳಲ್ಲಿ 19ನೇ ಶತಮಾನದಲ್ಲಿ ಒಂದು ಮರದ ತುಂಡು ಇಟ್ಟುಕೊಂಡಿದ್ದರು. ಅದಕ್ಕೆ ವೆಲ್ಶ್ ನಾಟ್ ಅನ್ನುತ್ತಾರೆ. ತನ್ನ ಮನೆಮಾತು ವೆಲ್ಶ್ ಆಡಿ ಸಿಕ್ಕಿಬಿದ್ದ ಮಗುವಿನ ಕುತ್ತಿಗೆಗೆ ಅದನ್ನು ನೇತು ಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಶ್ ಆಡಿದರೆ ತುಂಡು ಆ ಮಗುವಿನ ಕುತ್ತಿಗೆಗೆ ಹೋಗುತ್ತಿತ್ತು. ಸಂಜೆ ಯಾರ ಕುತ್ತಿಗೆಯಲ್ಲಿ ಇರುತ್ತದೋ ಆ ಮಗುವಿಗೆ ಏಟು. ನನ್ನ ಹೊಟ್ಟೆ ಉರಿಯುವುದು ಏಟಿಗಿಂತ ಜಾಸ್ತಿ ಆ ವರ್ಗಾವಣೆಗೆ. ಕುತ್ತಿಗೆಯ ಭಾರ ಇಳಿಯಬೇಕಾದರೆ ಗೆಳೆಯ ತನ್ನ ತಾಯಿಯ ಮಾತನ್ನು ಆಡುವುದನ್ನು ಕಿವಿಗೊಟ್ಟು ಕಾಯಬೇಕು. ಮಕ್ಕಳನ್ನೇ ಕಾವಲುಗಾರರನ್ನಾಗಿ ಮಾಡಿದರು. ಆ ಮಗು ಬೆಳೆದು ತಾಯಿಯಾದಾಗ ತನ್ನ ಕೂಸಿನ ಜೊತೆ ಯಾವ ಭಾಷೆ ಆಡೀತು? ಕೂಸಿಗೆ ಆ ಕಷ್ಟ ಬೇಡ ಅಂದುಕೊಳ್ಳುವುದಿಲ್ಲವೇ?

ಅದಕ್ಕೇ ನಾನು ಅಪ್ಪ ಅಮ್ಮಂದಿರನ್ನು ಬೈಯುವುದಿಲ್ಲ. ಭಾಷೆ ಬಿಟ್ಟವರಲ್ಲಿ ಹೆಚ್ಚಿನವರು ಮಕ್ಕಳ ಮೇಲಿನ ಪ್ರೀತಿಗೇ ಬಿಟ್ಟರು. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವೆ ಮ್ಯಾನ್ ಅನ್ನುವ ದ್ವೀಪ ಇದೆ. ಅಲ್ಲಿಯ ಭಾಷೆ ಮ್ಯಾಂಕ್ಸ್. ಆ ಭಾಷೆಯಲ್ಲೇ ಒಂದು ಗಾದೆ ಇದೆ: 'ಮ್ಯಾಂಕ್ಸ್‌ನಿಂದ ನೀನು ಒಂದು ಪೆನ್ನಿಯನ್ನೂ ದುಡಿಯಲಾರೆ.' ಮಕ್ಕಳಿಗೆ ಇದನ್ನು ಮ್ಯಾಂಕ್ಸ್‌ನಲ್ಲೇ ಹೇಳಿ, ಆಮೇಲೆ ಮ್ಯಾಂಕ್ಸ್ ಆಡುವುದನ್ನು ನಿಲ್ಲಿಸಿದರು. 1901ರ ಜನಗಣತಿಯಲ್ಲಿ 4,419 ಮಂದಿ ಆಡುತ್ತಿದ್ದರು. ಕೊನೆಗೆ ಉಳಿದವರು ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರ. ಅವರಿಗೆ ಆ ಭಾಷೆ ಬಂದದ್ದು ಹೇಗೆ ಗೊತ್ತಾ? ಚಿಕ್ಕವರಿದ್ದಾಗ ವಯಸ್ಸಾದ ಬಂಧುಗಳ ಮನೆಯಲ್ಲಿ ಬೆಳೆದರು. ಆ ಮನೆಯ ಮಾತು ಮ್ಯಾಂಕ್ಸ್. ಒಂದು ಮುದಿ ಜೀವದ ಪಕ್ಕದಲ್ಲಿ ಒಂದು ಮಗು ಇದ್ದದ್ದಕ್ಕೆ ಭಾಷೆಯ ಆಯುಸ್ಸು ಇನ್ನೊಂದು ಜೀವಮಾನ ಮುಂದಕ್ಕೆ ಹೋಯಿತು. 1974ರಲ್ಲಿ ಅವರು ತೀರಿಕೊಂಡರು.

ಅಂಡಮಾನಿನ ಬೋವಾ ಸೀನಿಯರ್ ಅವರ ವಿಷಯ ನಿಮ್ಮಲ್ಲಿ ಕೆಲವರು ಓದಿರಬಹುದು. ಬೋ ಭಾಷೆ ಆಡುವವರಲ್ಲಿ ಅವರೇ ಕೊನೆಯವರು. 2010ರ ಜನವರಿ 26ರಂದು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ತಮ್ಮ ಮಾತಿಗೆ ಕಿವಿಗೊಡುವವರು ಯಾರೂ ಇಲ್ಲದೆ ಹಕ್ಕಿಗಳ ಜೊತೆ ಮಾತನಾಡುತ್ತಿದ್ದರಂತೆ. ಇದರ ಬಗ್ಗೆ ಜಾಸ್ತಿ ಹೇಳಲು ನನಗೆ ಮಾತು ಬರುವುದಿಲ್ಲ.

ನನ್ನ ಮನೆಯ ಒಂದು ವಿಷಯ ಹೇಳುತ್ತೇನೆ. ಮಗಳಿಗೆ ಶಾಲೆಯಲ್ಲಿ ಕಷ್ಟ ಆಗದಿರಲಿ ಎಂದು ನಾವಿಬ್ಬರೂ ಮನೆಯಲ್ಲಿ ಅವಳ ಜೊತೆ ಶಾಲೆಯ ಭಾಷೆಯನ್ನೇ ಆಡುತ್ತಿದ್ದೆವು. ಅವಳಿಗೆ ಆರು ವರ್ಷ. ಒಂದು ಭಾನುವಾರ ನನ್ನ ಅಮ್ಮನ ಫೋನ್ ಬಂತು. ಮಗಳ ಕೈಗೆ ಕೊಟ್ಟು ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯಿಂದ ಅಮ್ಮ ಒಂದೇ ಸಮನೆ ಮಾತನಾಡುತ್ತಿರುವುದು ನನಗೂ ಕೇಳಿಸುತ್ತಿತ್ತು. ಈ ಕಡೆಯಿಂದ ಮಗಳು ಹೇಳಿದ್ದು ನಾಲ್ಕೇ ಮಾತು. 'ಹೂಂ.' 'ಇಲ್ಲ.' 'ಚೆನ್ನಾಗಿದ್ದೀನಿ.' 'ಅಪ್ಪಂಗೆ ಕೊಡ್ತೀನಿ.' ಅಷ್ಟೇ. ಫೋನ್ ನನ್ನ ಕೈಗೆ ಬಂದಾಗ ಅಮ್ಮ ಅಂದರು, 'ಮಗು ಏನೋ ಆಟ ಆಡ್ತಾ ಇತ್ತು ಅನ್ಸುತ್ತೆ, ನಾನೇ ತೊಂದರೆ ಕೊಟ್ಟೆ.' ಮಗಳು ಆಟ ಆಡುತ್ತಿರಲಿಲ್ಲ. ಅವಳ ಹತ್ತಿರ ಮಾತು ಇರಲಿಲ್ಲ. ಅಮ್ಮನಿಗೆ ಅದನ್ನು ಹೇಳುವ ಧೈರ್ಯ ನನಗೂ ಆಗಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಡಿದ ಸರಪಳಿಯನ್ನು ಮತ್ತೆ ಬೆಸೆಯಬಹುದೇ? ಬಹುದು. ಮಾವೊರಿಗಳು ಮಾಡಿ ತೋರಿಸಿದ್ದಾರೆ. 1970ರ ದಶಕದ ಹೊತ್ತಿಗೆ ಮಾವೊರಿ ಸರಾಗವಾಗಿ ಆಡುವವರು ಹೆಚ್ಚಾಗಿ ವಯಸ್ಸಾದವರೇ ಆಗಿದ್ದರು. ನಡುವಿನ ತಲೆಮಾರಿಗೆ ಭಾಷೆ ಬರುತ್ತಿರಲಿಲ್ಲ. ಆಗ ಅವರು ಮಾಡಿದ ಕೆಲಸ ಎಷ್ಟು ಸರಳ ನೋಡಿ. ಆ ನಡುವಿನ ತಲೆಮಾರನ್ನು ದಾಟಿ, ಅಜ್ಜ ಅಜ್ಜಿಯರನ್ನೂ ಹಸುಗೂಸುಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಅದಕ್ಕೆ ಕೊಹಾಂಗ ರೆಯೊ ಎಂದು ಹೆಸರಿಟ್ಟರು. ಭಾಷೆಯ ಗೂಡು ಎಂದು ಅರ್ಥ. ಮೊದಲ ಗೂಡು 1982ರಲ್ಲಿ ವೆಲಿಂಗ್ಟನ್ ಹತ್ತಿರ ಶುರುವಾಯಿತು. ಬಾಗಿಲೊಳಗೆ ಕಾಲಿಟ್ಟರೆ ಮಾವೊರಿ ಬಿಟ್ಟು ಬೇರೆ ಮಾತಿಲ್ಲ. ಅಲ್ಲಿ ವ್ಯಾಕರಣದ ಪಾಠ ಇಲ್ಲ. ಹಾಡು, ಆಟ, ಊಟ, ನಿದ್ದೆ. ಕೆಲವೇ ವರ್ಷಗಳಲ್ಲಿ ನೂರಾರು ಗೂಡುಗಳಾದವು. ಮನೆಗೆ ಹೋದ ಮಕ್ಕಳು ಮಾವೊರಿಯಲ್ಲಿ ಕೇಳತೊಡಗಿದಾಗ ಅಪ್ಪ ಅಮ್ಮಂದಿರೂ ಕಲಿಯಲು ಕೂತರು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಕಾನೂನು ಬಂದದ್ದು ಗೂಡು ಕಟ್ಟಿದ ಮೇಲೆ, ಇದನ್ನು ಮರೆಯಬೇಡಿ. ಹವಾಯಿಯವರೂ ಇದೇ ದಾರಿ ಹಿಡಿದರು.

ಹೀಬ್ರೂ ಕಥೆ ಇನ್ನೂ ಸ್ವಾರಸ್ಯದ್ದು. ಗ್ರಂಥಗಳಲ್ಲಿ, ಪ್ರಾರ್ಥನೆಯಲ್ಲಿ ಅದು ಎಂದೂ ಸಾಯಲಿಲ್ಲ. ಆದರೆ ನೂರಾರು ವರ್ಷ ಅದು ಯಾವ ಮಗುವಿನ ಮೊದಲ ಮಾತೂ ಆಗಿರಲಿಲ್ಲ. ಎಲಿಯೇಜರ್ ಬೆನ್ ಯೆಹೂದಾ ಮತ್ತು ಅವರ ಹೆಂಡತಿ, 1882ರಲ್ಲಿ ಹುಟ್ಟಿದ ತಮ್ಮ ಮಗನ ಜೊತೆ ಹೀಬ್ರೂ ಬಿಟ್ಟು ಬೇರೇನೂ ಆಡಬಾರದು ಎಂದು ಪಣ ತೊಟ್ಟರು. ಆಗ ಒಂದು ವಿಚಿತ್ರ ಕಷ್ಟ ಎದುರಾಯಿತು. ದೇವರ ಬಗ್ಗೆ, ಧರ್ಮದ ಬಗ್ಗೆ ಬೇಕಾದಷ್ಟು ಪದ ಇದ್ದವು. ಗೊಂಬೆಗೆ ಪದ ಇರಲಿಲ್ಲ. ಐಸ್‌ಕ್ರೀಮಿಗೆ, ಟವೆಲ್ಲಿಗೆ ಇರಲಿಲ್ಲ. ಗೊಂಬೆಗೆ 'ಬುಬಾ' ಎಂಬ ಪದ ಹೀಗೆ ಬಂತು. ದೊಡ್ಡ ದೊಡ್ಡ ಗ್ರಂಥಗಳಿರುವ ಭಾಷೆ ಒಂದು ಗೊಂಬೆಯ ಮುಂದೆ ತಡವರಿಸಿತಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಅನ್ನಿಸುತ್ತದೆ, ಭಾಷೆಗೆ ಜೀವ ಇದೆಯೋ ಇಲ್ಲವೋ ಎಂದು ನೋಡಬೇಕಾದ್ದು ಗ್ರಂಥಾಲಯದಲ್ಲಿ ಅಲ್ಲ, ತೊಟ್ಟಿಲ ಹತ್ತಿರ.

ನನ್ನ ಮಾತು ಇಷ್ಟೇ. ಆಮೇಲೆ ಸಭೆಯಿಂದ ಪ್ರಶ್ನೆಗಳು ಬಂದವು.

ಒಬ್ಬ ಯುವಕರು ಕೇಳಿದರು: 'ಅನ್ನ ಕೊಡುವ ಭಾಷೆಯನ್ನು ಕಲಿಯುವುದು ತಪ್ಪೇ?' ಖಂಡಿತ ತಪ್ಪಲ್ಲ. ಒಂದು ಮಗುವಿನ ತಲೆಯಲ್ಲಿ ಎರಡು ಮೂರು ಭಾಷೆಗೆ ಧಾರಾಳ ಜಾಗ ಇದೆ. ಒಂದನ್ನು ಹೊರಹಾಕಿಯೇ ಇನ್ನೊಂದನ್ನು ತರಬೇಕು ಅನ್ನುವುದೇ ತಪ್ಪು ಲೆಕ್ಕ. ಮ್ಯಾಂಕ್ಸ್ ವಿಷಯದಲ್ಲಿ ಒಂದು ಸಂಗತಿ ಹೇಳಲು ಮರೆತಿದ್ದೆ. 2009ರಲ್ಲಿ ಯುನೆಸ್ಕೊ ತನ್ನ ಪಟ್ಟಿಯಲ್ಲಿ ಮ್ಯಾಂಕ್ಸ್ ಅಳಿದುಹೋಗಿದೆ ಎಂದು ಗುರುತು ಹಾಕಿತು. ಆದರೆ ಅಷ್ಟರಲ್ಲಿ ದ್ವೀಪದಲ್ಲಿ ಮ್ಯಾಂಕ್ಸ್ ಮಾಧ್ಯಮದ ಒಂದು ಪುಟ್ಟ ಶಾಲೆ ನಡೆಯುತ್ತಿತ್ತು. ಅಲ್ಲಿನ ಮಕ್ಕಳು ಯುನೆಸ್ಕೊಗೆ ಕಾಗದ ಬರೆದರು. ನಮ್ಮ ಭಾಷೆ ಅಳಿದಿದ್ದರೆ ನಾವು ಈಗ ಬರೆಯುತ್ತಿರುವುದು ಯಾವ ಭಾಷೆಯಲ್ಲಿ ಎಂದು ಕೇಳಿದರು. ಪಟ್ಟಿಯನ್ನು ತಿದ್ದಬೇಕಾಯಿತು. ಆ ಮಕ್ಕಳಿಗೆಲ್ಲ ಇಂಗ್ಲಿಷೂ ಬರುತ್ತದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ಮೊಮ್ಮಕ್ಕಳು ದೂರದಲ್ಲಿದ್ದಾರೆ, ಫೋನಿನಲ್ಲಿ ಏನು ಮಾತನಾಡಬೇಕೆಂದೇ ತಿಳಿಯುವುದಿಲ್ಲ, ಏನು ಮಾಡಲಿ ಎಂದರು. ಅವರ ದನಿ ನಡುಗುತ್ತಿತ್ತು.

ನನ್ನ ಅಮ್ಮ ಮಾಡಿದ್ದನ್ನೇ ಅವರಿಗೆ ಹೇಳಿದೆ. ಆ ಭಾನುವಾರದ ಮೇಲೆ ನಾವು ಮನೆಯಲ್ಲಿ ಮಾತು ಬದಲಾಯಿಸಿದೆವು. ಅಮ್ಮ ಫೋನಿನಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟರು. 'ಹೇಗಿದ್ದೀಯಾ, ಏನು ಓದಿದೆ' ಎಲ್ಲ ನಿಂತಿತು. ಕಥೆ ಶುರು ಮಾಡಿದರು. ಮಗುವಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಸರಿಯಾಗಿ ಏನೋ ಆಗುವ ಹೊತ್ತಿಗೆ ಅಮ್ಮ 'ಉಳಿದದ್ದು ನಾಳೆ' ಎಂದು ಫೋನ್ ಇಡುತ್ತಿದ್ದರು. ಮೂರು ವಾರ ಕಳೆದ ಮೇಲೆ ಮಗಳೇ ನನ್ನ ಫೋನ್ ತೆಗೆದುಕೊಂಡು ಅಜ್ಜಿಗೆ ಕರೆ ಮಾಡತೊಡಗಿದಳು.

ಈಗ ಅವಳಿಗೆ ಹನ್ನೊಂದು. ಕಳೆದ ವಾರ ಬಂದು ಕೇಳಿದಳು, 'ಅಪ್ಪಾ, ಮುಸ್ಸಂಜೆ ಅಂದ್ರೆ ಸಂಜೆನಾ ರಾತ್ರಿನಾ?' ಎರಡರ ನಡುವಿನದು ಅಂದೆ. 'ಅಂದ್ರೆ ಎಷ್ಟು ಗಂಟೆ?' ನನಗೆ ಹೇಳಲು ಬರಲಿಲ್ಲ, ಅಜ್ಜಿಯನ್ನೇ ಕೇಳು ಅಂದೆ. ಕೇಳಿದಳು. ಗಂಟೆಯಲ್ಲಿ ಹೇಳೋದಲ್ಲ ಅದು, ಹಕ್ಕಿ ಗೂಡು ಸೇರಿ ಸದ್ದು ನಿಲ್ಲುತ್ತಲ್ಲ, ಎದುರಿಗೆ ಬರೋರ ಮುಖ ಗುರುತು ಸಿಗಲ್ಲ, ನಡಿಗೆ ನೋಡಿ ಯಾರು ಅಂತ ಹೇಳ್ಬೇಕು, ಆ ಹೊತ್ತು, ಎಂದರು ಅಮ್ಮ. ಮಗಳು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದಳು. 'ಇಲ್ಲಿ ಇನ್ನೂ ಆಗಿಲ್ಲ ಅಜ್ಜಿ' ಅಂದಳು. ಆಗುವವರೆಗೂ ಇಬ್ಬರೂ ಫೋನ್ ಇಡಲಿಲ್ಲ.